ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ತಂತಿಯಲ್ಲಿ ಮಾತು ಮತ್ತು ಡೇಟಾ

ದೂರವಾಣಿ ಜಾಲದ ಕುರಿತು ಬಂದಿರುವ ಪತ್ರಗಳಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವ ಆರನ್ನು ಆರಿಸಿ ಈ ಬಾರಿ ಉತ್ತರಿಸಿದ್ದೇವೆ. ಮೊದಲ ಪ್ರಶ್ನೆಯ ಉತ್ತರ ಉಳಿದೆಲ್ಲದಕ್ಕೂ ಆಧಾರವಾದ್ದರಿಂದ ಅದನ್ನು ವಿಸ್ತಾರವಾಗಿ ಬರೆದಿದೆ.

ಪ್ರಶ್ನೆ: ನಮ್ಮ ಮನೆಗೆ ಸ್ಥಿರ ದೂರವಾಣಿ ಬಂದು ಮೂವತ್ತು ವರ್ಷಗಳ ಮೇಲಾಯಿತು. ಅಂದಿನಿಂದಲೂ ಕಂಬದಿಂದ ಮನೆಗೆ ಬರುವುದು ಅದೇ ಎರಡೆಳೆಯ ತಂತಿ. ಆದರೂ ಎಕ್ಸ್‌ಚೇಂಜ್ ಡಿಜಿಟಲ್ ಆಗಿದೆ ಎನ್ನುತ್ತಾರೆ. ಹಾಗಾದರೆ ನಾನು ಆಡಿದ ಮಾತು ಎಲ್ಲಿ ಅಂಕಿಯಾಗುತ್ತದೆ, ಮತ್ತೆ ಮಾತಾಗುವುದು ಎಲ್ಲಿ?
(ನಿವೃತ್ತ ಶಿಕ್ಷಕರೊಬ್ಬರು, ಶಿರಸಿ)

ಉತ್ತರ: ನಿಮ್ಮ ಮನೆಯಿಂದ ಎಕ್ಸ್‌ಚೇಂಜಿನವರೆಗಿನ ತಂತಿಯಲ್ಲಿ ಇಂದಿಗೂ ಅಂಕಿಗಳು ಹರಿಯುವುದಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ ಬರುವ ವಿದ್ಯುತ್ತು ನಿಮ್ಮ ದನಿಯ ಏರಿಳಿತಕ್ಕೆ ತಕ್ಕಂತೆ ತಾನೂ ಏರಿಳಿಯುತ್ತಾ, ಕಂಬದ ಮೇಲಿನ ಡಿಪಿ ಬಾಕ್ಸ್ ಎಂಬ ತಂತಿ ಹಂಚುವ ಪೆಟ್ಟಿಗೆ, ರಸ್ತೆ ಬದಿಯ ಪಿಲ್ಲರ್ ಮತ್ತು ನೆಲದಡಿಯ ಕೇಬಲ್ ದಾಟಿ ಎಕ್ಸ್‌ಚೇಂಜಿನ ಎಂಡಿಎಫ್ ಎಂಬ ದೊಡ್ಡ ಚೌಕಟ್ಟನ್ನು ತಲುಪುತ್ತದೆ. ಅಲ್ಲಿಂದ ಜಂಪರ್ ತಂತಿಯ ಮೂಲಕ, ನಿಮ್ಮ ಲೈನನ್ನು ನೋಡಿಕೊಳ್ಳುವ ಲೈನ್ ಕಾರ್ಡ್ ಎಂಬ ಎಲೆಕ್ಟ್ರಾನಿಕ್ ಫಲಕಕ್ಕೆ ಹೋಗುತ್ತದೆ. ನಿಮ್ಮ ಮಾತು ಅಂಕಿಯಾಗುವುದು ಈ ಲೈನ್ ಕಾರ್ಡಿನಲ್ಲಿ. ಆಚೆ ಕಡೆಯವರ ಅಂಕಿ ಮಾತಾಗಿ ನಿಮ್ಮತ್ತ ಹೊರಡುವುದೂ ಅದರಿಂದಲೇ.

ಲೈನ್ ಕಾರ್ಡ್ ಮೊದಲು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಸೋಸಿ ಬಿಡುತ್ತದೆ. ಆಮೇಲೆ ಸೆಕೆಂಡಿಗೆ 8000 ಸಲ, ಅಂದರೆ 125 ಮೈಕ್ರೋಸೆಕೆಂಡಿಗೊಮ್ಮೆ, ಆ ಕ್ಷಣದಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ಅಳೆಯುತ್ತದೆ. ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅದನ್ನು ಅಳೆದರೆ ಆ ಅಳತೆಗಳಿಂದಲೇ ಅಲೆಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು ಎಂಬುದು ಗಣಿತ. 3400ರ ಎರಡು ಪಟ್ಟು 6800 ಆದ್ದರಿಂದ 8000 ಸಾಕು. ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು ಎಂಬ ಎಂಟು ಅಂಕಿಗಳಲ್ಲಿ), ಅಂದರೆ 256 ಮಟ್ಟಗಳಲ್ಲಿ ಒಂದಾಗಿ ಬರೆಯಲಾಗುತ್ತದೆ. ಈ ಮಟ್ಟಗಳು ಸಮ ಅಂತರದಲ್ಲಿರುವುದಿಲ್ಲ. ಮೆಲುದನಿಗೆ ಹತ್ತಿರ ಹತ್ತಿರದ ಮಟ್ಟಗಳು, ಜೋರು ದನಿಗೆ ದೂರ ದೂರದ ಮಟ್ಟಗಳು ಇರುವುದರಿಂದ ಪಿಸುಮಾತೂ ಸ್ಪಷ್ಟವಾಗಿ ಉಳಿಯುತ್ತದೆ. ಭಾರತ ಮತ್ತು ಯುರೋಪಿನಲ್ಲಿ ಬಳಸುವ ಈ ಹಂಚಿಕೆಗೆ ಎ-ಲಾ ಎಂದು ಹೆಸರು. ಅಮೆರಿಕ ಮತ್ತು ಜಪಾನಿನದು ಮ್ಯೂ-ಲಾ. 8000 ಅಳತೆಗೆ ತಲಾ 8 ಬಿಟ್ ಎಂದರೆ ಸೆಕೆಂಡಿಗೆ 64,000 ಬಿಟ್. ಡಿಜಿಟಲ್ ದೂರವಾಣಿಯ ಇಡೀ ಲೆಕ್ಕಾಚಾರ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ.

ಈ ಉಪಾಯವನ್ನು 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಕಂಡುಹಿಡಿದರು. ತಂತಿ ಉದ್ದವಾದಂತೆ ಗದ್ದಲ ಸೇರುತ್ತದೆ, ನಡುವೆ ವರ್ಧಕ ಇಟ್ಟರೆ ಅದು ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆ ಎಂಬುದು ಅವರ ಮುಂದಿದ್ದ ಸಮಸ್ಯೆಯಾಗಿತ್ತು. ಅಂಕಿಯಾದರೆ, ಬಂದದ್ದು ಸೊನ್ನೆಯೋ ಒಂದೋ ಎಂದು ಗುರುತಿಸಿದರೆ ಸಾಕು, ಅದನ್ನು ಹೊಸದಾಗಿ ಬರೆದು ಮುಂದಕ್ಕೆ ಕಳುಹಿಸಬಹುದು. ಎಷ್ಟು ದೂರ ಹೋದರೂ ಗದ್ದಲ ಕೂಡಿಕೊಳ್ಳುವುದಿಲ್ಲ. ಆದರೆ ನಿರ್ವಾತ ನಳಿಕೆಗಳ ಆ ಕಾಲದಲ್ಲಿ ಇದನ್ನು ಅಗ್ಗವಾಗಿ ಮಾಡುವುದು ಸಾಧ್ಯವಿರಲಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ, ಅಮೆರಿಕದ ಬೆಲ್ ಸಂಸ್ಥೆ 24 ಮಾತುಗಳನ್ನು ಒಟ್ಟಿಗೆ ಒಯ್ಯುವ ಟಿ1 ವ್ಯವಸ್ಥೆಯನ್ನು ಬಳಕೆಗೆ ತಂದಿತು.

ನಮ್ಮಲ್ಲಿರುವುದು ಯುರೋಪಿನ ಕ್ರಮವಾದ ಇ1. ಅದರ ಒಂದು ಚೌಕಟ್ಟನ್ನು, ಅಂದರೆ ಒಂದು ಸುತ್ತಿನಲ್ಲಿ ಹೋಗುವ ಬಿಟ್‌ಗಳ ಗುಂಪನ್ನು, ಹತ್ತಿರದಿಂದ ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. 125 ಮೈಕ್ರೋಸೆಕೆಂಡಿನ ಅವಧಿಯನ್ನು 0ಯಿಂದ 31ರವರೆಗೆ 32 ಕಾಲಖಂಡಗಳಾಗಿ ಭಾಗಿಸಲಾಗಿದೆ. ಪ್ರತಿ ಖಂಡದಲ್ಲಿ 8 ಬಿಟ್, ಅದರ ಅವಧಿ ಸುಮಾರು 3.9 ಮೈಕ್ರೋಸೆಕೆಂಡ್. 0ನೆಯ ಖಂಡದಲ್ಲಿ ಚೌಕಟ್ಟು ಬಿಟ್ಟು ಚೌಕಟ್ಟಿಗೆ 0011011 ಎಂಬ ಗುರುತು ಬರುತ್ತದೆ. ಆಚೆ ತುದಿಯ ಉಪಕರಣ ಅದನ್ನು ಹುಡುಕಿ ಹಿಡಿದು ಎಣಿಕೆ ಎಲ್ಲಿಂದ ಶುರು ಎಂದು ತಿಳಿಯುತ್ತದೆ. 16ನೆಯ ಖಂಡ ಸಾಮಾನ್ಯವಾಗಿ ಯಾರು ಯಾರಿಗೆ ಕರೆ ಮಾಡಿದ್ದಾರೆ, ಯಾರು ರಿಸೀವರ್ ಇಟ್ಟರು ಎಂಬಂಥ ಸಂಕೇತಗಳಿಗೆ ಮೀಸಲು. ಉಳಿದ 30 ಖಂಡಗಳಲ್ಲಿ 30 ಜನರ ಮಾತು. 32 ಖಂಡಗಳ 256 ಬಿಟ್ ಸೆಕೆಂಡಿಗೆ 8000 ಸಲ ಹೋದರೆ 20,48,000 ಬಿಟ್. ಎರಡು ಮೆಗಾಬಿಟ್ ಲೈನ್ ಎಂದು ಎಕ್ಸ್‌ಚೇಂಜಿನವರು ಹೇಳುವುದು ಇದನ್ನೇ. ಬಸ್ಸಿನಲ್ಲಿ ಕಾಯ್ದಿರಿಸಿದ ಆಸನದಂತೆ, ಕರೆ ಮುಗಿಯುವ ತನಕ ಆ ಖಂಡ ನಿಮ್ಮದೇ. ನೀವು ಸುಮ್ಮನಿದ್ದರೂ ಅದನ್ನು ಬೇರೆಯವರಿಗೆ ಕೊಡುವುದಿಲ್ಲ.

ಎಕ್ಸ್‌ಚೇಂಜ್ ಮಾಡುವ ಸ್ವಿಚಿಂಗ್ ಕೆಲಸವೂ ಇದರಿಂದ ಸರಳವಾಯಿತು. ನಿಮ್ಮ ಮಾತು ಒಂದು ಲೈನಿನ 7ನೆಯ ಖಂಡದಲ್ಲಿ ಬಂದು ಇನ್ನೊಂದು ಲೈನಿನ 19ನೆಯ ಖಂಡದಲ್ಲಿ ಹೊರಡಬೇಕಾದರೆ, ಬಂದ ಬಿಟ್‌ಗಳನ್ನು ಬಂದ ಕ್ರಮದಲ್ಲಿ ಮೆಮೊರಿಗೆ ಬರೆದು, ಬೇಕಾದ ಕ್ರಮದಲ್ಲಿ ಓದಿದರೆ ಆಯಿತು. ಟಕಟಕ ಸದ್ದು ಮಾಡುತ್ತಿದ್ದ ಹಳೆಯ ಯಾಂತ್ರಿಕ ಸ್ವಿಚ್‌ಗಳ ಸಾಲುಗಳ ಜಾಗವನ್ನು ಕೆಲವು ಚಿಪ್‌ಗಳು ತುಂಬಿದವು.

ಇಲ್ಲಿ ಕರ್ನಾಟಕದವರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ವಿನ್ಯಾಸ ಮಾಡಿದ 128 ಪೋರ್ಟುಗಳ ರ‍್ಯಾಕ್ಸ್ ಎಂಬ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿದ್ದರೆ, ಇದು ನಮ್ಮ ದೂಳು ಮತ್ತು ಬಿಸಿಲಿನಲ್ಲಿ ಹವಾನಿಯಂತ್ರಣವಿಲ್ಲದೆ ನಡೆಯುವಂತೆ ರೂಪುಗೊಂಡಿತ್ತು. ದೇಶದ ದೊಡ್ಡ ನಗರಗಳ ಅನೇಕ ಎಕ್ಸ್‌ಚೇಂಜ್‌ಗಳಲ್ಲಿ ಇನ್ನೂ ಯಾಂತ್ರಿಕ ಸ್ವಿಚ್‌ಗಳೇ ಇದ್ದ ಕಾಲದಲ್ಲಿ ಕಿತ್ತೂರಿನವರ ಮಾತು ಅಂಕಿಯಾಗಿ ಹರಿಯುತ್ತಿತ್ತು.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಗಡಿಯಾರ. ಎರಡು ಎಕ್ಸ್‌ಚೇಂಜ್‌ಗಳ ಗಡಿಯಾರಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದು ಕಡೆ ಬಿಟ್‌ಗಳು ಕೂಡಿಬಿದ್ದು, ಕೊನೆಗೆ ಒಂದು ಇಡೀ ಚೌಕಟ್ಟನ್ನು ಕೈಬಿಡಬೇಕಾಗುತ್ತದೆ. ಇದನ್ನು ಸ್ಲಿಪ್ ಎನ್ನುತ್ತಾರೆ. ರಾಷ್ಟ್ರಮಟ್ಟದ ಮೂಲ ಗಡಿಯಾರ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಇದಕ್ಕಾಗಿಯೇ. ಅಂಥ ಎರಡು ಗಡಿಯಾರಗಳು ಪರಸ್ಪರ ವಿರುದ್ಧ ದಿಕ್ಕಿಗೆ ಪೂರ್ತಿ ತಪ್ಪಿದರೂ ಒಂದು ಸ್ಲಿಪ್ ಆಗಲು 72 ದಿನ ಬೇಕು. ಸ್ಲಿಪ್ ಆದಾಗ ಮಾತನಾಡುವವರಿಗೆ ಕಿವಿಯಲ್ಲಿ ಟಿಕ್ ಎಂದು ಕೇಳಿದರೆ ಹೆಚ್ಚು. ಆದರೆ ಅದೇ ಕಾಲಖಂಡದಲ್ಲಿ ಕಂಪ್ಯೂಟರಿನ ಕಡತ ಹೋಗುತ್ತಿದ್ದರೆ ಆ ತುಣುಕನ್ನು ಮತ್ತೆ ಕಳುಹಿಸಬೇಕು. ಮಾತು ಒಂದಿಷ್ಟು ಕಳೆದುಕೊಂಡರೂ ತಾಳಿಕೊಳ್ಳುತ್ತದೆ, ಆದರೆ ಕಾಯಲಾರದು. ಡೇಟಾ ಎಷ್ಟು ಹೊತ್ತಾದರೂ ಕಾಯುತ್ತದೆ, ಆದರೆ ಒಂದು ಬಿಟ್ಟನ್ನೂ ಕಳೆದುಕೊಳ್ಳಲಾರದು. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಮೂಲ ಈ ವ್ಯತ್ಯಾಸದಲ್ಲಿದೆ.

ಪ್ರಶ್ನೆ: ಫೋನಿನಲ್ಲಿ ಹೆಸರು ಹೇಳುವಾಗ ‘ಸ’ಕಾರ ‘ಫ’ಕಾರದಂತೆ ಕೇಳಿಸುತ್ತದೆ, ಬಿಡಿಸಿ ಹೇಳಬೇಕಾಗುತ್ತದೆ. ಎದುರಿಗೆ ಮಾತನಾಡುವಾಗ ಈ ತೊಂದರೆ ಇಲ್ಲ. ಲೈನಿನ ದೋಷವೇ?
(ದಾವಣಗೆರೆಯ ಓದುಗರು)

ಉತ್ತರ: ದೋಷವಲ್ಲ, ವಿನ್ಯಾಸವೇ ಹಾಗಿದೆ. ಸ್ವರಗಳ ಬಲವೆಲ್ಲ 3400 ಹರ್ಟ್ಸ್‌ನ ಒಳಗೇ ಇರುವುದರಿಂದ ಅವು ಚೆನ್ನಾಗಿ ಕೇಳಿಸುತ್ತವೆ. ಆದರೆ ‘ಸ’ ಉಚ್ಚರಿಸುವಾಗ ಹೊರಡುವ ಸುಯ್ಯೆನ್ನುವ ಶಬ್ದದ ಬಹುಭಾಗ 4000 ಹರ್ಟ್ಸ್‌ನ ಮೇಲಿರುತ್ತದೆ. ಲೈನ್ ಕಾರ್ಡ್ ಅದನ್ನು ಸೋಸಿ ತೆಗೆದ ಮೇಲೆ ಉಳಿಯುವುದು ಒಂದು ಮಂದವಾದ ಉಸಿರು ಮಾತ್ರ. ವಾಕ್ಯದ ನಡುವೆ ಬಂದರೆ ಅರ್ಥದ ಬಲದಿಂದ ನಮ್ಮ ಮಿದುಳು ಅದನ್ನು ತುಂಬಿಕೊಳ್ಳುತ್ತದೆ, ಅಪರಿಚಿತ ಹೆಸರಿನಲ್ಲಿ ಆ ಆಸರೆ ಇರುವುದಿಲ್ಲ.

1988ರ ಹೊತ್ತಿಗೇ ಅದೇ 64,000 ಬಿಟ್‌ಗಳಲ್ಲಿ 7000 ಹರ್ಟ್ಸ್‌ವರೆಗಿನ ಧ್ವನಿಯನ್ನು ಒಯ್ಯುವ ಜಿ.722 ಎಂಬ ಮಾನಕ ಸಿದ್ಧವಾಗಿತ್ತು. ತಾಮ್ರದ ಲೈನಿನ ಸಾಮಾನ್ಯ ಫೋನುಗಳಿಗೆ ಅದು ಬರಲಿಲ್ಲ, ಏಕೆಂದರೆ ಎರಡೂ ತುದಿಗಳ ಲೈನ್ ಕಾರ್ಡುಗಳನ್ನು ಬದಲಿಸಬೇಕಾಗಿತ್ತು. ಇಂದು 4ಜಿ ಮೊಬೈಲಿನಲ್ಲಿ ವೋಲ್ಟಿ ಕರೆ ಮಾಡಿದಾಗ ದನಿ ಎದುರಿಗೆ ನಿಂತು ಮಾತನಾಡಿದಷ್ಟು ಸ್ಪಷ್ಟವಾಗಿ ಕೇಳಿಸಿದರೆ, ಆ ಮೇಲಿನ ಕಂಪನಗಳು ಅಲ್ಲಿ ಉಳಿದಿವೆ ಎಂದು ಅರ್ಥ.

ಪ್ರಶ್ನೆ: 1990ರ ದಶಕದ ಕೊನೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಐಎಸ್‌ಡಿಎನ್ ಲೈನ್ ಇತ್ತು. ಒಂದೇ ಜೋಡಿ ತಂತಿಯಲ್ಲಿ ಒಬ್ಬರು ಮಾತನಾಡುತ್ತಿರುವಾಗಲೇ ಇನ್ನೊಬ್ಬರು ಕಂಪ್ಯೂಟರಿನಿಂದ ಕಡತ ಕಳುಹಿಸುತ್ತಿದ್ದರು. ಅದು ಹೇಗೆ ಸಾಧ್ಯವಾಗುತ್ತಿತ್ತು? ಈಗ ಅದರ ಹೆಸರೇ ಕೇಳುವುದಿಲ್ಲವಲ್ಲ?
(ಹುಬ್ಬಳ್ಳಿಯ ಓದುಗರು)

ಉತ್ತರ: ಮೇಲಿನ ಉತ್ತರದಲ್ಲಿ ಅಂಕೀಕರಣ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಡೆಯುತ್ತದೆ ಎಂದು ಹೇಳಿದೆವು. ಐಎಸ್‌ಡಿಎನ್ ಅದನ್ನು ಗ್ರಾಹಕರ ಮೇಜಿನವರೆಗೆ ತಂದಿತು. ಫೋನೇ ಮಾತನ್ನು ಅಂಕಿ ಮಾಡುವುದಾದರೆ, ಆ ಮೇಲೆ ತಂತಿಗೆ ಅದು ಮಾತೋ ಕಡತವೋ ಫ್ಯಾಕ್ಸೋ ಎಂಬ ಭೇದವೇ ಇರುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿ 1984ರಲ್ಲಿ ಇದರ ಮಾನಕಗಳನ್ನು ಪ್ರಕಟಿಸಿ 1988ರಲ್ಲಿ ವಿಸ್ತರಿಸಿತು.

ನಿಮ್ಮ ಕಚೇರಿಯಲ್ಲಿದ್ದದ್ದು ಬಹುಶಃ ಮೂಲ ದರದ ಲೈನ್. ಅದರಲ್ಲಿ ತಲಾ 64 ಕಿಲೋಬಿಟ್‌ನ ಎರಡು ಬಿ ಚಾನೆಲ್‌ಗಳು, 16 ಕಿಲೋಬಿಟ್‌ನ ಒಂದು ಡಿ ಚಾನೆಲ್. ಒಂದು ಬಿ ಚಾನೆಲ್‌ನಲ್ಲಿ ಮಾತು, ಇನ್ನೊಂದರಲ್ಲಿ ಕಡತ. ಡಿ ಚಾನೆಲ್ ಕರೆಯನ್ನು ಜೋಡಿಸುವ, ಬಿಡಿಸುವ ಸಂದೇಶಗಳಿಗೆ. ಬಿ ಚಾನೆಲ್‌ಗಳು ಎರಡೂ ತುಂಬಿರುವಾಗಲೂ ಮೂರನೆಯ ಕರೆ ಬಂದಿದೆ ಎಂದು ತಿಳಿಯುತ್ತಿದ್ದದ್ದು ಅದರಿಂದ. ಹೊಂದಾಣಿಕೆ ಮತ್ತು ನಿರ್ವಹಣೆಯ ಬಿಟ್‌ಗಳನ್ನೂ ಸೇರಿಸಿ ತಂತಿಯ ಮೇಲೆ ಸೆಕೆಂಡಿಗೆ 1,60,000 ಬಿಟ್ ಹೋಗುತ್ತಿತ್ತು. ತಂತಿಗೆ ವೇಗದ ಹೊರೆ ಕಡಿಮೆಯಾಗಲೆಂದು ಅನೇಕ ದೇಶಗಳಲ್ಲಿ ನಾಲ್ಕು ವೋಲ್ಟೇಜ್ ಮಟ್ಟಗಳನ್ನು ಬಳಸಿ, ಎರಡೆರಡು ಬಿಟ್‌ಗಳನ್ನು ಒಂದೊಂದು ಮಿಡಿತದಲ್ಲಿ ಕಳುಹಿಸಿದರು. ಆಗ ಮಿಡಿತಗಳು ಸೆಕೆಂಡಿಗೆ 80,000 ಸಾಕು.

ಎರಡೂ ದಿಕ್ಕಿನ ಬಿಟ್‌ಗಳು ಒಂದೇ ಜೋಡಿ ತಂತಿಯಲ್ಲಿ ಒಂದೇ ಕಾಲಕ್ಕೆ, ಒಂದೇ ಕಂಪನ ಪಟ್ಟಿಯಲ್ಲಿ ಹೋಗುತ್ತಿದ್ದವು ಎಂಬುದು ಇದರ ದೊಡ್ಡ ಸಾಧನೆ. ತಾನು ಏನನ್ನು ಕಳುಹಿಸುತ್ತಿದ್ದೇನೆ ಎಂಬುದು ಉಪಕರಣಕ್ಕೆ ಗೊತ್ತಿರುವುದರಿಂದ, ಅದರ ಪ್ರತಿಧ್ವನಿ ಹೇಗಿರುತ್ತದೆ ಎಂದು ಲೆಕ್ಕ ಹಾಕಿ, ತಂತಿಯಲ್ಲಿ ಕಾಣುವ ಒಟ್ಟು ಅಲೆಯಿಂದ ಅದನ್ನು ಕಳೆಯುತ್ತದೆ. ಉಳಿದದ್ದು ಆಚೆಯವರು ಕಳುಹಿಸಿದ್ದು. ಐದು ಕಿಲೋಮೀಟರಿನಷ್ಟು ದೂರದಿಂದ ಸೊರಗಿ ಬಂದ ಅಲೆಯನ್ನು ಹೀಗೆ ಬೇರ್ಪಡಿಸಿದ ಎಂಜಿನಿಯರಿಂಗ್ ಮುಂದಿನ ಬ್ರಾಡ್‌ಬ್ಯಾಂಡ್‌ಗೂ ನೆರವಾಯಿತು.

ಎರಡು ಬಿ ಚಾನೆಲ್‌ಗಳನ್ನು ಜೋಡಿಸಿದರೂ ಸಿಗುತ್ತಿದ್ದದ್ದು 128 ಕಿಲೋಬಿಟ್, ಅದಕ್ಕೆ ಎರಡು ಕರೆಗಳ ಶುಲ್ಕ. ಡೇಟಾ ಹಿಡಿಹಿಡಿಯಾಗಿ ಬಂದು ನಡುವೆ ಸುಮ್ಮನಾಗುವ ಸ್ವಭಾವದ್ದು. ನಿಮಿಷದ ಲೆಕ್ಕದಲ್ಲಿ ಕಾಲಖಂಡವನ್ನು ಹಿಡಿದಿಟ್ಟುಕೊಳ್ಳುವುದು ಅದಕ್ಕೆ ದುಬಾರಿಯಾಯಿತು. ಮನೆಗಳಿಂದ ಐಎಸ್‌ಡಿಎನ್ ಮಾಯವಾದದ್ದು ಹೀಗೆ. ಆದರೆ ಅದರ ದೊಡ್ಡ ರೂಪವಾದ ಪಿಆರ್‌ಐ, ಅಂದರೆ ಒಂದು ಇ1 ಲೈನಿನಲ್ಲಿ 30 ಬಿ ಚಾನೆಲ್, ಆಸ್ಪತ್ರೆ ಮತ್ತು ಬ್ಯಾಂಕುಗಳ ಇಪಿಎಬಿಎಕ್ಸ್‌ಗಳಿಗೆ, ಅಂದರೆ ಕಟ್ಟಡದೊಳಗಿನ ಪುಟ್ಟ ಎಕ್ಸ್‌ಚೇಂಜ್‌ಗಳಿಗೆ, ಬಹುಕಾಲ ಆಧಾರವಾಗಿತ್ತು.

ಪ್ರಶ್ನೆ: ಎಕ್ಸ್‌ಚೇಂಜಿನೊಳಗೆ 64 ಕಿಲೋಬಿಟ್ ಇರುವಾಗ ಡಯಲ್‌ಅಪ್ ಮೋಡೆಮ್‌ಗಳು 56ಕ್ಕೆ ನಿಂತದ್ದೇಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಮೋಡೆಮ್ ಬಿಟ್‌ಗಳನ್ನು ಧ್ವನಿಯಾಗಿಸುತ್ತದೆ, ಲೈನ್ ಕಾರ್ಡ್ ಆ ಧ್ವನಿಯನ್ನು ಮತ್ತೆ ಅಳೆದು 256 ಮಟ್ಟಗಳಲ್ಲಿ ಹತ್ತಿರದ್ದಕ್ಕೆ ಒಗ್ಗಿಸುತ್ತದೆ. ಈ ಒಗ್ಗಿಸುವಿಕೆಯಲ್ಲಿ ಉಳಿಯುವ ಸಣ್ಣ ತಪ್ಪುಗಳೇ ಗದ್ದಲ. ಅದರ ಮಿತಿಯೊಳಗೆ 33.6 ಕಿಲೋಬಿಟ್‌ವರೆಗೆ ಮಾತ್ರ ಹೋಗಲು ಸಾಧ್ಯವಾಯಿತು. ಅಂತರ್ಜಾಲ ಸೇವೆಯವರು ಡಿಜಿಟಲ್ ಲೈನಿನಿಂದಲೇ ಜೋಡಣೆಯಾಗಿದ್ದಾಗ ಮನೆಯತ್ತ ಬರುವ ದಿಕ್ಕಿನಲ್ಲಿ ಅಳೆಯುವ ಹಂತವೇ ಇರುವುದಿಲ್ಲ. 1998ರ ವಿ.90 ಮಾನಕ ಇದನ್ನು ಬಳಸಿಕೊಂಡಿತು. ತೀರ ಹತ್ತಿರದ ಮಟ್ಟಗಳನ್ನು ತಂತಿಯ ಆಚೆ ತುದಿಯಲ್ಲಿ ಬೇರ್ಪಡಿಸಿ ಗುರುತಿಸುವುದು ಕಷ್ಟವಾದ್ದರಿಂದ ಎಂಟರ ಬದಲು ಹೆಚ್ಚೆಂದರೆ ಏಳು ಬಿಟ್‌ಗಳಷ್ಟನ್ನು ಬಳಸಿದರು: 8000ಕ್ಕೆ 7 ಎಂದರೆ 56,000. ಮನೆಯಿಂದ ಹೋಗುವ ದಿಕ್ಕು 33.6ರಲ್ಲೇ ಉಳಿಯಿತು.

ಪ್ರಶ್ನೆ: ಅದೇ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ಫೋನಿಗೂ ಅಡ್ಡಿಯಾಗಲಿಲ್ಲ, ವೇಗವೂ ಹತ್ತಾರು ಪಟ್ಟು ಹೆಚ್ಚಿತು. ಎಕ್ಸ್‌ಚೇಂಜ್ ಹತ್ತಿರದ ಮನೆಗೂ ನಮಗೂ ವೇಗದಲ್ಲಿ ಅಷ್ಟು ಅಂತರವೇಕೆ? ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವುದೇಕೆ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಮಿತಿ ಇದ್ದದ್ದು ತಂತಿಯಲ್ಲಲ್ಲ, ಲೈನ್ ಕಾರ್ಡಿನ ಸೋಸುವಿಕೆಯಲ್ಲಿ. ತಾಮ್ರದ ಜೋಡಿ ಹತ್ತು ಲಕ್ಷ ಹರ್ಟ್ಸ್‌ಗೂ ಮೀರಿದ ಕಂಪನಗಳನ್ನು ಸಾಗಿಸಬಲ್ಲದು. ಈ ಬ್ರಾಡ್‌ಬ್ಯಾಂಡಿನ ಹಿಂದಿರುವ ಎಡಿಎಸ್‌ಎಲ್ ಎಂಬ ತಂತ್ರ ಮಾತಿನ ಪಟ್ಟಿಯನ್ನು ಮುಟ್ಟದೆ, ಸುಮಾರು 26 ಕಿಲೋಹರ್ಟ್ಸ್‌ನಿಂದ 1104 ಕಿಲೋಹರ್ಟ್ಸ್‌ವರೆಗಿನ ಜಾಗವನ್ನು ಡೇಟಾಕ್ಕೆ ಬಳಸುತ್ತದೆ. ಮನೆಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಬೇರ್ಪಡಿಸುತ್ತದೆ. ಎಕ್ಸ್‌ಚೇಂಜಿನಲ್ಲೂ ಹಾಗೆಯೇ: ಮಾತು ಲೈನ್ ಕಾರ್ಡಿಗೆ ಹೋಗಿ ಕಾಯ್ದಿರಿಸಿದ ಕಾಲಖಂಡ ಸೇರುತ್ತದೆ, ಡೇಟಾ ಡಿಸ್ಲಾಮ್ ಎಂಬ ಉಪಕರಣಕ್ಕೆ ಹೋಗಿ ಪ್ಯಾಕೆಟ್‌ಗಳಾಗಿ, ಅಂದರೆ ವಿಳಾಸ ಹೊತ್ತ ಸಣ್ಣ ತುಣುಕುಗಳಾಗಿ, ಎಲ್ಲರೊಡನೆ ಹಂಚಿಕೊಂಡ ದಾರಿಯಲ್ಲಿ ಸಾಗುತ್ತದೆ. ನಮ್ಮಲ್ಲಿ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾ ಒನ್ ಹೆಸರಿನಲ್ಲಿ ಈ ಸೇವೆಯನ್ನು ಆರಂಭಿಸಿತು. ಆಗ ಸರ್ಕಾರದ ನೀತಿಯ ಪ್ರಕಾರ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್.

ಎಡಿಎಸ್‌ಎಲ್ ಆ ಜಾಗವನ್ನು 4.3125 ಕಿಲೋಹರ್ಟ್ಸ್ ಅಗಲದ ಕಿರು ಪಟ್ಟಿಗಳಾಗಿ ಸೀಳುತ್ತದೆ. ಮೋಡೆಮ್ ಚಾಲೂ ಮಾಡಿದಾಗ ದೀಪ ಸ್ವಲ್ಪ ಹೊತ್ತು ಮಿನುಗುತ್ತಾ ಇರುವುದನ್ನು ನೀವು ನೋಡಿರಬಹುದು. ಆ ಹೊತ್ತಿನಲ್ಲಿ ಅದು ಒಂದೊಂದೇ ಪಟ್ಟಿಯ ಗುಣಮಟ್ಟವನ್ನು ಪರೀಕ್ಷಿಸಿ, ಚೆನ್ನಾಗಿರುವುದಕ್ಕೆ 15 ಬಿಟ್‌ವರೆಗೆ, ಸಾಧಾರಣವಾದುದಕ್ಕೆ ಎರಡು ಮೂರು, ಗದ್ದಲದಲ್ಲಿ ಮುಳುಗಿದ್ದಕ್ಕೆ ಏನೂ ಇಲ್ಲ ಎಂದು ಹಂಚಿಕೊಡುತ್ತದೆ. ತಂತಿ ಉದ್ದವಾದಂತೆ ಹೆಚ್ಚಿನ ಕಂಪನಗಳು ಬೇಗ ಸೊರಗುತ್ತವೆ. ಎಕ್ಸ್‌ಚೇಂಜ್ ಪಕ್ಕದ ಮನೆಗೆ ಎಲ್ಲ ಪಟ್ಟಿಗಳೂ ದೊರೆತರೆ, ನಾಲ್ಕೈದು ಕಿಲೋಮೀಟರ್ ದೂರದ ಮನೆಗೆ ಕೆಳಗಿನ ಕೆಲವು ಮಾತ್ರ ಉಳಿಯುತ್ತವೆ.

ಮಲೆನಾಡಿನ ಮಳೆಯಲ್ಲಿ ಕೇಬಲ್ ಜಾಯಿಂಟುಗಳಿಗೆ ಮತ್ತು ಡಿಪಿ ಬಾಕ್ಸಿಗೆ ತೇವ ಇಳಿದು ತಂತಿಗಳ ನಡುವಿನ ನಿರೋಧನ ಕುಗ್ಗುತ್ತದೆ, ಹಸಿರು ತುಕ್ಕು ಹಿಡಿದ ತುದಿಗಳಲ್ಲಿ ಸಂಪರ್ಕ ಅಲುಗಾಡುತ್ತದೆ. ಫೋನಿನಲ್ಲಿ ಇದು ಕರಕರ ಸದ್ದಾಗಿ ಕೇಳಿಸುತ್ತದೆ. ಮೋಡೆಮ್‌ಗೆ ತಪ್ಪಾದ ಬಿಟ್ ಬೇಡವಾದ್ದರಿಂದ, ತಪ್ಪುಗಳು ಮಿತಿ ಮೀರಿದಾಗ ಅದು ಲೈನನ್ನೇ ಬಿಟ್ಟು ಮೊದಲಿಂದ ಪರೀಕ್ಷೆ ಶುರು ಮಾಡುತ್ತದೆ. ದೂರು ಕೊಡುವಾಗ ‘ಇಂಟರ್‌ನೆಟ್ ನಿಧಾನ’ ಎನ್ನುವ ಬದಲು, ಫೋನಿನಲ್ಲೂ ಸದ್ದು ಬರುತ್ತಿದೆ ಎಂದು ಹೇಳಿ. ಲೈನ್‌ಮನ್‌ಗೆ ಜಾಯಿಂಟನ್ನೇ ನೋಡಬೇಕೆಂದು ತಕ್ಷಣ ಗೊತ್ತಾಗುತ್ತದೆ. ಸುರಿಮಳೆಯಲ್ಲಿ ಕಂಬ ಹತ್ತಿ ಒಂದೊಂದೇ ಜೋಡಿಯನ್ನು ಪರೀಕ್ಷಿಸುವ ಅವರ ಶ್ರಮಕ್ಕೆ ಸರಿಯಾದ ಮಾಹಿತಿ ಕೊಡುವುದು ನಮ್ಮ ಕರ್ತವ್ಯ.

ಪ್ರಶ್ನೆ: ನಮ್ಮ ಕ್ಲಿನಿಕ್ಕಿಗೆ ತಾಮ್ರದ ಲೈನ್ ತೆಗೆದು ಫೈಬರ್ ಹಾಕಿದ್ದಾರೆ. ಅಂದಿನಿಂದ ಕರೆಂಟ್ ಹೋದರೆ ಫೋನೂ ಇಲ್ಲ, ಫ್ಯಾಕ್ಸ್ ಅರ್ಧಕ್ಕೆ ನಿಲ್ಲುತ್ತದೆ, ದೊಡ್ಡ ಕಡತ ಕಳುಹಿಸುವಾಗ ಮಾತು ತುಂಡು ತುಂಡಾಗುತ್ತದೆ. ಹೊಸ ತಂತ್ರಜ್ಞಾನ ಹಳೆಯದಕ್ಕಿಂತ ಕೆಟ್ಟದ್ದೇ?
(ವೈದ್ಯರೊಬ್ಬರು, ಪುತ್ತೂರು)

ಉತ್ತರ: ಮೂರೂ ತೊಂದರೆಗಳು ನಿಜ, ಮೂರಕ್ಕೂ ಪರಿಹಾರವಿದೆ. ಫೈಬರ್‌ನಲ್ಲಿ ಕಾಯ್ದಿರಿಸಿದ ಕಾಲಖಂಡದ ಪದ್ಧತಿ ಮಾತಿಗೆ ಉಳಿದಿಲ್ಲ. ಗೋಡೆಗೆ ತಗುಲಿಸಿದ ಓಎನ್‌ಟಿ ಎಂಬ ಪೆಟ್ಟಿಗೆಯೇ ಈಗ ನಿಮ್ಮ ಲೈನ್ ಕಾರ್ಡ್. ಅದು ಮಾತನ್ನು ಹಿಂದಿನಂತೆಯೇ 8000 ಸಲ ಅಳೆದು, ಸಾಮಾನ್ಯವಾಗಿ 20 ಮಿಲಿಸೆಕೆಂಡಿನ 160 ಬೈಟ್‌ಗಳನ್ನು ಒಂದು ಪ್ಯಾಕೆಟ್ ಮಾಡಿ, ವಿಳಾಸ ಮತ್ತು ಕ್ರಮಸಂಖ್ಯೆಗೆಂದು ಇನ್ನೂ 40 ಬೈಟ್ ಸೇರಿಸಿ ಕಳುಹಿಸುತ್ತದೆ. ಪ್ಯಾಕೆಟ್‌ಗಳು ಬೇರೆಲ್ಲ ಡೇಟಾದ ಜೊತೆಗೆ ಸರದಿಯಲ್ಲಿ ನಿಲ್ಲಬೇಕಾದ್ದರಿಂದ ಒಂದು ಬೇಗ, ಒಂದು ತಡವಾಗಿ ತಲುಪುತ್ತದೆ. ಆಚೆ ಕಡೆಯ ಉಪಕರಣ ಅವನ್ನು ಕ್ಷಣಕಾಲ ಕೂಡಿಟ್ಟು ಸಮಗತಿಯಲ್ಲಿ ನುಡಿಸುತ್ತದೆ. ಆ ಕ್ಷಣವನ್ನೂ ಮೀರಿ ತಡವಾಗಿ ಬಂದದ್ದನ್ನು ಬಿಸಾಡಬೇಕು. ಬಾಯಿಂದ ಕಿವಿಗೆ ಒಟ್ಟು ವಿಳಂಬ 150 ಮಿಲಿಸೆಕೆಂಡ್ ದಾಟದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಒಪ್ಪಿತ ಮಿತಿ. ದೊಡ್ಡ ಕಡತ ಹೋಗುವಾಗ ಮಾತು ಕಡಿಯುವುದಕ್ಕೆ ಕಾರಣ ಈ ಸರದಿ. ಮಾತಿನ ಪ್ಯಾಕೆಟ್‌ಗೆ ಮೊದಲ ಆದ್ಯತೆ ಕೊಡುವ ವ್ಯವಸ್ಥೆ ಓಎನ್‌ಟಿಯಲ್ಲಿ ಇರುತ್ತದೆ, ಅದನ್ನು ಸರಿಯಾಗಿ ಹೊಂದಿಸಿಕೊಡುವಂತೆ ಸೇವೆ ಕೊಟ್ಟವರನ್ನು ಕೇಳಿ.

ಫ್ಯಾಕ್ಸ್ ಮೂಲತಃ ಧ್ವನಿಯ ವೇಷದಲ್ಲಿರುವ ಡೇಟಾ. ಮಾತಿನ ಒಂದು ಪ್ಯಾಕೆಟ್ ಬಿದ್ದುಹೋದರೆ ಕಿವಿ ಕ್ಷಮಿಸುತ್ತದೆ, ಫ್ಯಾಕ್ಸ್ ಯಂತ್ರ ಕ್ಷಮಿಸುವುದಿಲ್ಲ. ಟಿ.38 ಎಂಬ ವಿಧಾನವನ್ನು ಜಾಲ ಬೆಂಬಲಿಸಿದರೆ ಫ್ಯಾಕ್ಸಿನ ಬಿಟ್‌ಗಳನ್ನೇ ನೇರವಾಗಿ, ಅಗತ್ಯವಿದ್ದರೆ ಎರಡೆರಡು ಸಲ ಕಳುಹಿಸುವುದರಿಂದ ಪುಟ ಪೂರ್ತಿ ತಲುಪುತ್ತದೆ. ಅದಿಲ್ಲದಿದ್ದರೆ ಯಂತ್ರದ ವೇಗವನ್ನು 9600ಕ್ಕೆ ಇಳಿಸಿ ನೋಡಿ. ರೋಗಿಗಳ ವರದಿಗಳನ್ನು ಸ್ಕ್ಯಾನ್ ಮಾಡಿ ಕಳುಹಿಸುವುದು ಇದಕ್ಕಿಂತ ವಿಶ್ವಾಸಾರ್ಹ ಎಂದು ನನ್ನ ಅಭಿಪ್ರಾಯ.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಿಮಗೆ ಬಂದಿರುವುದು ಜಿಪಾನ್ ಫೈಬರ್ ಆಗಿದ್ದರೆ, ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ 1.25 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಮನೆಗಳಿಂದ ಹೋಗುವ ಬೆಳಕು ಒಂದರ ಮೇಲೊಂದು ಬೀಳಬಾರದೆಂದು ಎಕ್ಸ್‌ಚೇಂಜಿನ ಉಪಕರಣ ಪ್ರತಿ ಮನೆಗೂ ಇಂತಿಷ್ಟು ಹೊತ್ತು ಎಂದು ಕಾಲಖಂಡವನ್ನು ಗೊತ್ತುಮಾಡುತ್ತದೆ. ಆ ಚೌಕಟ್ಟಿನ ಅವಧಿ ಇಂದಿಗೂ 125 ಮೈಕ್ರೋಸೆಕೆಂಡ್. ಹಳೆಯ ಪದ್ಧತಿಯಲ್ಲಿದ್ದ ಶಿಸ್ತು ಪೂರ್ತಿ ಹೋಗಿಲ್ಲ. ವ್ಯತ್ಯಾಸವೆಂದರೆ ಈಗ ಖಂಡದ ಅಳತೆ ಬೇಡಿಕೆಗೆ ತಕ್ಕಂತೆ ಬದಲಾಗುತ್ತದೆ.

ಇನ್ನು ವಿದ್ಯುತ್ತು. ತಾಮ್ರದ ತಂತಿ ಮಾತಿನ ಜೊತೆಗೆ ಎಕ್ಸ್‌ಚೇಂಜ್ ಬ್ಯಾಟರಿಯ ಶಕ್ತಿಯನ್ನೂ ತರುತ್ತಿತ್ತು, ಗಾಜಿನ ಎಳೆ ಅದನ್ನು ತರಲಾರದು. ಕ್ಲಿನಿಕ್‌ನಂಥ ಜಾಗದಲ್ಲಿ ಇದನ್ನು ಹಗುರವಾಗಿ ಕಾಣಬಾರದು. ಓಎನ್‌ಟಿಗಳು ಹೆಚ್ಚಾಗಿ 12 ವೋಲ್ಟಿನ ಅಡಾಪ್ಟರ್‌ನಿಂದ ನಡೆಯುತ್ತವೆ, ಅದೇ ವೋಲ್ಟೇಜಿನ ಪುಟ್ಟ ಯುಪಿಎಸ್‌ಗಳು ಅಂಗಡಿಯಲ್ಲಿ ದೊರೆಯುತ್ತವೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ರಸ್ತೆಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಕಿಲ್ಲ, ಎಕ್ಸ್‌ಚೇಂಜಿಗೆ ಅದರದೇ ಬ್ಯಾಟರಿ ಇದೆ. ಆದ್ದರಿಂದ ನಿಮ್ಮ ಗೋಡೆಯ ಮೇಲಿನ ಆ ಒಂದು ಪೆಟ್ಟಿಗೆಗೆ ಆಸರೆ ಒದಗಿಸಿದರೆ ಕರೆಂಟ್ ಇಲ್ಲದ ಹೊತ್ತಿನಲ್ಲೂ ಫೋನ್ ನಡೆಯುತ್ತದೆ.